ಆಮೆಯ ಬೆನ್ನ ಹಿಂದೆ ಅಡಗಿತ್ತು ಜಾದೂ!

ಲೋಗೊ ಎಂಬ ಪ್ರೋಗ್ರಾಮಿಂಗ್ ಭಾಷೆ ನೆನಪಿದೆಯಾ? ಶಾಲೆಯ ಕಂಪ್ಯೂಟರ್ ಲ್ಯಾಬಿನಲ್ಲಿ ಆಮೆ ಓಡಿಸುತ್ತಿದ್ದೆವಲ್ಲ, ಅದೇ! ಫಾರ್ವರ್ಡ್ 100, ರೈಟ್ 90. ನಾಲ್ಕು ಸಲ ಹೊಡೆದರೆ ಚೌಕ ರೆಡಿ. ಮಕ್ಕಳಾಟ ಅಂದುಕೊಂಡು ಎಲ್ಲರೂ ಎದ್ದು ಬಂದೆವು.

ಎಂಥಾ ನಿಧಿ ಬಿಟ್ಟು ಎದ್ದು ಬಂದೆವು ಗೊತ್ತಾ?

ಬನ್ನಿ, ಒಂದು ಸಾಲು ಬರೆಯೋಣ. ಆಜ್ಞೆಗಳನ್ನು ಇಲ್ಲಿ ಕನ್ನಡ ಲಿಪಿಯಲ್ಲೇ ಕೊಡುತ್ತೇನೆ.

ಮೇಕ್ "ಹಣ್ಣು "ಮಾವು

ಉದ್ಧರಣ ಚಿಹ್ನೆ ಮುಂದೆ ಮಾತ್ರ, ಮುಚ್ಚುವ ಗೋಜಿಲ್ಲ. ಹಣ್ಣು ಎಂಬ ವೇರಿಯೇಬಲ್‌ನಲ್ಲಿ ಈಗ ಮಾವು ಎಂಬ ಪದ ಕೂತಿದೆ. ಇದರಲ್ಲೇನು ಮಹಾ ಅಂತೀರಾ? ತಡೆಯಿರಿ!

ಮೇಕ್ :ಹಣ್ಣು 60

ಉದ್ಧರಣ ಚಿಹ್ನೆ ಹೋಯಿತು, ಕೋಲನ್ ಬಂತು. ಅಷ್ಟೇ ಬದಲು. ಊಹಿಸಿ ನೋಡೋಣ: ಈ 60 ಎಲ್ಲಿ ಹೋಗಿ ಕೂತಿತು?

ಹಣ್ಣಿನಲ್ಲಿ? ಅಲ್ಲವೇ ಅಲ್ಲ! ಅಲ್ಲಿ ಇನ್ನೂ ಮಾವೇ ಇದೆ. 60 ಹೋಗಿದ್ದು ಮಾವಿಗೆ! ಅರೆ, ಮಾವು ಎಂಬ ವೇರಿಯೇಬಲ್ ನಾವು ಮಾಡಿಯೇ ಇರಲಿಲ್ಲವಲ್ಲ? ಹೌದು! ಈಗಷ್ಟೇ ಹುಟ್ಟಿತು!

ಕೋಲನ್ ಅಂದರೆ ಒಳಗೆ ಇಣುಕಿ ನೋಡು ಎಂದರ್ಥ. ಲೋಗೊ ಹಣ್ಣಿನೊಳಗೆ ಇಣುಕಿತು. ಮಾವು ಸಿಕ್ಕಿತು. ಅದನ್ನೇ ಹೆಸರೆಂದು ಮೇಕ್ ಕೈಗೆ ಕೊಟ್ಟಿತು. ಇಲ್ಲಿ ಹೆಸರೂ ಒಂದು ದತ್ತಾಂಶ! ಬೇಕಾದಾಗ ಜೋಡಿಸಬಹುದು, ಬದಲಿಸಬಹುದು. ಬಳಸುವವರನ್ನೇ ಕೇಳಿ ಅವರು ಟೈಪ್ ಮಾಡಿದ ಪದವನ್ನೇ ಹೆಸರಾಗಿಸಬಹುದು!

ಜೋಡಿಸುವುದು ಅಂದೆನಲ್ಲ, ಇದನ್ನು ನೋಡಿ:

ರಿಪೀಟ್ 100 [ಮೇಕ್ ವರ್ಡ್ "ಮನೆ ರೆಪ್‌ಕೌಂಟ್ 0]

ಒಂದೇ ಸಾಲು. ರೆಪ್‌ಕೌಂಟ್ ಇದು ಎಷ್ಟನೇ ಸುತ್ತು ಎಂದು ಹೇಳುತ್ತದೆ, ವರ್ಡ್ ಆ ಸಂಖ್ಯೆಯನ್ನು ಮನೆ ಎಂಬ ಪದಕ್ಕೆ ಅಂಟಿಸುತ್ತದೆ. ಎಷ್ಟು ವೇರಿಯೇಬಲ್ ಹುಟ್ಟಿದವು? ನೂರು! ಮನೆ1, ಮನೆ2, ಮನೆ3... ಮನೆ100! ಒಂದರ ಹೆಸರನ್ನೂ ನಾವು ಕೈಯಾರೆ ಬರೆಯಲಿಲ್ಲ.

ಒಳಗಿರುವುದನ್ನು ಓದಲು ಥಿಂಗ್ ಎಂಬ ಆಜ್ಞೆಯಿದೆ. ಕೋಲನ್ ಅದರದ್ದೇ ಚುಟುಕು ರೂಪ. ಪ್ರಿಂಟ್ ಥಿಂಗ್ :ಹಣ್ಣು ಅನ್ನಿ, 60 ಬರುತ್ತದೆ. ಎರಡು ಕೋಲನ್ ಒಟ್ಟಿಗೆ ಹಾಕಿದರೆ ಮಾತ್ರ ನಡೆಯದು. ಥಿಂಗನ್ನು ಎಷ್ಟು ಬೇಕಾದರೂ ಪೇರಿಸಿ!

ಪೇರಿಸಿದರೆ ಏನಾಗುತ್ತದೆ? ಅಮೆರಿಕದ ಕೇಂಬ್ರಿಡ್ಜ್‌ಗೆ ಬನ್ನಿ, ಲೋಗೊ ಹುಟ್ಟಿದ ಊರು ಅದೇ. ಅಲ್ಲಿನ ರೆಡ್ ಲೈನ್ ರೈಲಿನ ನಿಲ್ದಾಣಗಳನ್ನೇ ವೇರಿಯೇಬಲ್ ಮಾಡೋಣ. ಪೋರ್ಟರ್‌ನೊಳಗೆ ಹಾರ್ವರ್ಡ್ ಎಂಬ ಪದ. ಹಾರ್ವರ್ಡ್‌ನೊಳಗೆ ಸೆಂಟ್ರಲ್. ಸೆಂಟ್ರಲ್‌ನೊಳಗೆ ಕೆಂಡಲ್. ಈಗ ಥಿಂಗ್ ಥಿಂಗ್ :ಪೋರ್ಟರ್ ಅನ್ನಿ. ಎಲ್ಲಿಗೆ ಬಂದಿರಿ? ಸೀದಾ ಕೆಂಡಲ್‌ಗೆ, ಎಂಐಟಿಯ ಬಾಗಿಲಿಗೆ! ಇಂಜಿನಿಯರಿಂಗ್ ಕಾಲೇಜಿನಲ್ಲಿ ಬೆವರು ಸುರಿಸಿ ಕಲಿಯುವ ಲಿಂಕ್ಡ್ ಲಿಸ್ಟ್‌ನ ತಿರುಳು ಇದೇ. ಮಕ್ಕಳ ಭಾಷೆಯಲ್ಲಿ, ಬರೀ ಹೆಸರುಗಳಿಂದ!

ಇದೆಲ್ಲ ಯಾವ ಕಾಲದ್ದು ಅಂದುಕೊಂಡಿರಿ? 1990ರ ದಶಕ? ಡಾಲರ್ ಚಿಹ್ನೆಯನ್ನು ಎರಡು ಸಲ ಹಾಕಿ ಇದೇ ಆಟ ಆಡುವ ಪಿಎಚ್‌ಪಿ ಎಂಬ ಭಾಷೆ ಬಂದದ್ದು 1995ರಲ್ಲಿ. ಲೋಗೊ ಹುಟ್ಟಿದ್ದು 1967ರಲ್ಲಿ! ಸೆಮೂರ್ ಪ್ಯಾಪರ್ಟ್, ವಾಲೇಸ್ ಫೋರ್ಜಿಗ್, ಸಿಂಥಿಯಾ ಸಾಲೊಮನ್ ಸೇರಿ ಕಟ್ಟಿದ ಭಾಷೆ.

ಇನ್ನೊಂದು ಬಾಂಬ್ ಹಾಕಲೇ? ಮೊದಲ ಲೋಗೊದಲ್ಲಿ ಆಮೆಯೇ ಇರಲಿಲ್ಲ! ಪದ, ವಾಕ್ಯ, ಹೆಸರು, ಅಷ್ಟೇ. ಆಮೆ ಆಮೇಲೆ ಬಂದು ಎಲ್ಲ ಹೆಸರನ್ನೂ ತಾನೇ ಹೊಡೆದುಕೊಂಡಿತು.

ಹೀಗೆ ಹೆಸರು ಹುಟ್ಟಿಸುವುದರಲ್ಲಿ ಅಪಾಯ ಇಲ್ಲವೇ? ಇದೆ. ಮಾವು ಎಂದು ಇಡಬೇಕಾದ ಕಡೆ ಮವು ಎಂದು ಕೊಟ್ಟರೆ ಲೋಗೊ ಗದರುವುದಿಲ್ಲ. ಸದ್ದಿಲ್ಲದೆ ಹೊಸ ಮವು ಸೃಷ್ಟಿಸುತ್ತದೆ. ದೊಡ್ಡ ಪ್ರೋಗ್ರಾಮಿನಲ್ಲಿ ಅದನ್ನು ಹುಡುಕುವವರ ಪಾಡು ಬೇಡ! ದೊಡ್ಡ ಕೆಲಸಕ್ಕೆ ಅರೇ ಮತ್ತು ಡಿಕ್ಷನರಿ ಎಂಬ ರಚನೆಗಳೇ ವಾಸಿ. ಆದರೆ ಕಲಿಯುವ ಖುಷಿಗೆ? ಇದರ ಮುಂದೆ ಯಾವುದೂ ಇಲ್ಲ.

ಕೊನೆಗೊಂದು ಒಗಟು:

ಮೇಕ್ "ನಾನು "ನಾನು

ಈಗ ಪ್ರಿಂಟ್ ಥಿಂಗ್ ಥಿಂಗ್ ಥಿಂಗ್ "ನಾನು ಅಂದರೆ ಏನು ಬರುತ್ತದೆ? ಎರರ್ ಬರುತ್ತದಾ? ಕಂಪ್ಯೂಟರ್ ಗಿರಗಿರ ಸುತ್ತಿ ಸ್ತಬ್ಧವಾಗುತ್ತದಾ? ಊಹೂಂ! ಮೂರು ಥಿಂಗ್ ಹಾಕಿ, ಮೂವತ್ತು ಹಾಕಿ, ಲೋಗೊ ಕೊಡುವ ಉತ್ತರ ಒಂದೇ: ನಾನು!