ಲಸಿಕೆ ಹಾಕಿದ್ದರೂ ಕೋಳಿ ಸತ್ತದ್ದೇಕೆ? ಗುಂಬೋರೊ ವೈರಸ್ ಮತ್ತು ರೋಗನಿರೋಧಕ ಶಕ್ತಿ

ಸ್ಲೈಡು ಕಾಣ್ತಿದೆ ಅಂದ್ಕೊಳ್ತೀನಿ. ನಾನು ಹೊಸೂರಿನ ಹತ್ತಿರದ ತಳಿ ಕಡೆಯವನು. ನಮ್ಮ ಮಾವ ಬ್ರಾಯ್ಲರ್ ಕೋಳಿ ಸಾಕ್ತಾರೆ. ಒಂದು ಬ್ಯಾಚಿನಲ್ಲಿ ರಾಣಿಖೇತ್ ರೋಗ ಬಂದು ತುಂಬ ಕೋಳಿ ಸತ್ತವು. ಮೊದಲ ವಾರ ಕಣ್ಣಿಗೆ ಹನಿ ಹಾಕಿಸಿದ್ದರು, ನಾಲ್ಕನೇ ವಾರ ನೀರಿನಲ್ಲಿ ಬೂಸ್ಟರ್ ಕೊಟ್ಟಿದ್ದರು. "ಹಾಕ್ಸಿದ್ರೂ ಸತ್ವಲ್ಲಪ್ಪ, ಇನ್ಮೇಲೆ ಯಾಕೆ ದುಡ್ಡು ಸುರೀಬೇಕು?" ಅಂದ್ರು. ಈ ಪ್ರಶ್ನೆಗೆ ಉತ್ತರ ಹುಡುಕಿದ್ದೇ ಇವತ್ತಿನ ನನ್ನ ವಿಷಯ.

ಕೋಳಿಯ ಗುದದ್ವಾರದ ಒಳಗೆ, ಮೇಲ್ಭಾಗದಲ್ಲಿ ಬರ್ಸಾ ಎಂಬ ಸಣ್ಣ ಚೀಲವಿದೆ. ಇದರ ಕೆಲಸ ಗೊತ್ತಾಗಿದ್ದು ಒಂದು ತರಗತಿಯಿಂದ. ಅಮೆರಿಕದ ಓಹಾಯೋ ಸ್ಟೇಟ್ ವಿಶ್ವವಿದ್ಯಾಲಯದಲ್ಲಿ ಬ್ರೂಸ್ ಗ್ಲಿಕ್ ಬರ್ಸಾ ತೆಗೆದ ಕೋಳಿಗಳನ್ನು ಸಾಕಿದ್ದರು. ಪ್ರತಿಕಾಯ ಹೇಗೆ ಹುಟ್ಟುತ್ತದೆ ಎಂದು ವಿದ್ಯಾರ್ಥಿಗಳಿಗೆ ತೋರಿಸಲು ತಿಮೋತಿ ಚಾಂಗ್ ಅವನ್ನೇ ಎರವಲು ಪಡೆದರು. ಪ್ರತಿಕಾಯ ಹುಟ್ಟಲೇ ಇಲ್ಲ! 1956ರಲ್ಲಿ ಇದು ಪ್ರಕಟವಾಯಿತು. ಬಿ ಕೋಶದ "ಬಿ" ಬಂದದ್ದು ಬರ್ಸಾದಿಂದಲೇ.

ಗುಂಬೋರೊ ವೈರಸ್ ಹೊಡೆಯುವುದು ಇದೇ ಚೀಲದಲ್ಲಿ ಬೆಳೆಯುತ್ತಿರುವ ಬಿ ಕೋಶಗಳನ್ನು. ಸೋಂಕು ತಗಲಿದ ಮೂರ್ನಾಲ್ಕು ದಿನಕ್ಕೆ ಬರ್ಸಾ ಊದಿಕೊಳ್ಳುತ್ತದೆ. ಎಂಟನೇ ದಿನದ ಹೊತ್ತಿಗೆ ಮೊದಲಿದ್ದ ತೂಕದ ಸುಮಾರು ಮೂರನೇ ಒಂದು ಭಾಗಕ್ಕೆ ಕುಗ್ಗುತ್ತದೆ. ಮೂರರಿಂದ ಆರು ವಾರದ ಕೋಳಿಯಲ್ಲಿ ರೋಗ ಕಣ್ಣಿಗೆ ಕಾಣುತ್ತದೆ. ಮೂರು ವಾರದೊಳಗಿನ ಮರಿಯಲ್ಲಿ ಹೊರಗೆ ಹೆಚ್ಚೇನೂ ಕಾಣದು, ಆದರೆ ನಷ್ಟ ದೀರ್ಘಕಾಲ ಉಳಿಯುತ್ತದೆ. ಮೊದಲೇ ಪ್ರತಿಕಾಯ ತಯಾರಿಸಲು ಕಲಿತ ಕೋಶಗಳಿಗೆ ಅಷ್ಟು ಪೆಟ್ಟಿಲ್ಲ. ಹೊಸದಾಗಿ ಕಲಿಯಬೇಕಾದವೇ ಸಾಯುತ್ತವೆ. ಆಮೇಲೆ ಎಂಥ ಒಳ್ಳೆಯ ಲಸಿಕೆ ಕೊಟ್ಟರೂ ಪ್ರತಿಕಾಯದ ಮಟ್ಟ ಸಾಕಷ್ಟು ಏರುವುದಿಲ್ಲ.

ಮಾವನ ಶೆಡ್ಡಿನಲ್ಲಿ ಆದದ್ದೂ ಇದೇ. ಮೂರನೇ ವಾರ ಕೆಲವು ಮರಿ ಮಂಕಾಗಿ ಬೆಳ್ಳಗೆ ನೀರುನೀರಾಗಿ ಹಿಕ್ಕೆ ಹಾಕಿದ್ದವು, ಆಮೇಲೆ ಸುಧಾರಿಸಿಕೊಂಡವು. ತಮಿಳಿನಲ್ಲಿ ರಾಣಿಖೇತಿಗೆ "ವೆಳ್ಳೈ ಕಳಿಚ್ಚಲ್", ಅಂದ್ರೆ ಬಿಳಿ ಭೇದಿ ಅಂತಾರೆ. ನಮ್ಮ ಕಡೆ ಕನ್ನಡ ಮಾತಾಡೋರ ಬಾಯಲ್ಲೂ ಅದೇ ಹೆಸರು. ಗುಂಬೋರೊದಲ್ಲೂ ಹಿಕ್ಕೆ ಬೆಳ್ಳಗಾಗುತ್ತೆ. ಹಾಗಾಗಿ "ಆ ರೋಗ ಬಂತು, ಹೋಯ್ತು" ಅಂತ ಮಾವ ಸುಮ್ಮನಾದ್ರು. ಎರಡು ವಾರದ ಮೇಲೆ ನಿಜವಾದ ರಾಣಿಖೇತ್ ಬಂದಾಗ ಪಶುವೈದ್ಯರು ಸತ್ತ ಕೋಳಿ ಕುಯ್ದು ತೋರಿಸಿದ್ರು. ಬರ್ಸಾ ಹುಡುಕಿದರೂ ಸಿಗದಷ್ಟು ಚಿಕ್ಕದಾಗಿತ್ತು.

ಗುಂಬೋರೊ ಒಂದೇ ಅಲ್ಲ. ಕೋಳಿ ರಕ್ತಹೀನತೆಯ ವೈರಸ್ ಮೂಳೆಮಜ್ಜೆಯನ್ನೂ ಥೈಮಸ್ಸಿನಲ್ಲಿರುವ ಟಿ ಕೋಶಗಳನ್ನೂ ಕೆಡಿಸುತ್ತದೆ, ತಾಯಿಯಿಂದ ಮೊಟ್ಟೆಯ ಮೂಲಕವೂ ಮರಿಗೆ ದಾಟುತ್ತದೆ. ಮಾರೆಕ್ಸ್ ವೈರಸ್ ಬಿ, ಟಿ ಎರಡೂ ಬಗೆಯ ಕೋಶಗಳಿಗೆ ಹೊಕ್ಕುತ್ತದೆ.

ಹಾಗಾದರೆ ಗುಂಬೋರೊ ಲಸಿಕೆ ಬೇಗ ಕೊಟ್ಟರಾಯಿತಲ್ಲ? ಅಷ್ಟು ಸುಲಭವಲ್ಲ. ಮೊಟ್ಟೆಯ ಹಳದಿ ಭಾಗದಿಂದ ಬಂದ ತಾಯಿಯ ಪ್ರತಿಕಾಯ ಮರಿಯಲ್ಲಿ ಜಾಸ್ತಿ ಇರುವಾಗ ಕೊಟ್ಟರೆ ಅದು ಲಸಿಕೆಯನ್ನೇ ಅಳಿಸಿಬಿಡುತ್ತದೆ. ತಡ ಮಾಡಿದರೆ ಶೆಡ್ಡಿನ ವೈರಸ್ ಮೊದಲು ತಲುಪುತ್ತದೆ. ತೀರಾ ತೀಕ್ಷ್ಣವಾದ ಲಸಿಕೆ ತಾನೇ ಬರ್ಸಾಕ್ಕೆ ಪೆಟ್ಟು ಕೊಡಬಹುದು. ಆದ್ದರಿಂದ ಮರಿಗಳ ರಕ್ತ ಪರೀಕ್ಷಿಸಿ ದಿನ ಗೊತ್ತು ಮಾಡುವುದು ಒಳ್ಳೆಯದು. ಈ ವೈರಸ್ಸಿಗೆ ಕೊಬ್ಬಿನ ಹೊದಿಕೆ ಇಲ್ಲ, ಸಾಮಾನ್ಯ ಸೋಂಕುನಾಶಕಕ್ಕೆ ಅದು ಬಗ್ಗುವುದಿಲ್ಲ, ಖಾಲಿ ಶೆಡ್ಡಿನಲ್ಲೂ ತಿಂಗಳುಗಟ್ಟಲೆ ಉಳಿಯುತ್ತದೆ. ಹಳೆ ಹೊಟ್ಟು ಪೂರ್ತಿ ತೆಗೆದು, ತೊಳೆದು, ಕೆಲವು ದಿನ ಖಾಲಿ ಬಿಡಬೇಕು.

ಮಾವನಿಗೆ ನಾನು ಹೇಳಿದ್ದು ಇಷ್ಟೇ: "ರಾಣಿಖೇತ್ ಲಸಿಕೆ ನಿಲ್ಲಿಸಬೇಡಿ ಮಾವ. ಅದಕ್ಕಿಂತ ಮೊದಲು ಬರ್ಸಾ ಉಳಿಸ್ಕೊಳ್ಳಿ. ಮೂರನೇ ವಾರ ಮರಿ ಮಂಕಾದ್ರೆ ಡಾಕ್ಟರಿಗೆ ಒಂದು ಕೋಳಿ ಕುಯ್ದು ನೋಡೋಕೆ ಹೇಳಿ." ಮುಂದಿನ ಬ್ಯಾಚಿಗೆ ಹೊಟ್ಟು ಬದಲಾಯಿಸಿದ್ದಾರೆ, ಹನಿಯನ್ನೂ ಹಾಕಿಸಿದ್ದಾರೆ.