ಅಕ್ಷರ ಅಷ್ಟೇ ಅಲ್ಲ, ಆಕಾರಾನೂ ಓದುತ್ತೆ ಪ್ರೋಟೀನ್

ಡಿಎನ್ಎ ಅಂದ್ರೆ ಎ, ಟಿ, ಜಿ, ಸಿ ಅನ್ನೋ ನಾಲ್ಕು ಅಕ್ಷರಗಳ ಉದ್ದದ ಸ್ಟ್ರಿಂಗ್ ಅಂತ ಪಿಯುಸಿಯಲ್ಲೇ ಓದಿದ್ದೀವಿ. ಕೋಡಿಂಗ್ ಮಾಡೋ ನಮಗೆ ಆ ಕಲ್ಪನೆ ಇಷ್ಟಾನೂ ಆಗುತ್ತೆ. ಆದರೆ ಜೀವಕೋಶದೊಳಗಿನ ಪ್ರೋಟೀನಿಗೆ ಸಿಗೋದು ಸ್ಟ್ರಿಂಗ್ ಅಲ್ಲ, 2 ನ್ಯಾನೋಮೀಟರ್ ದಪ್ಪದ ಒಂದು ವಸ್ತು. ನಮ್ಮ ಚಂದಕವಾಡಿ ಕಡೆ ದನ ಕಟ್ಟೋ ಹಗ್ಗ ನೋಡಿ. ಎಳೆ ಹೊಸೆದಾಗ ಮಧ್ಯೆ ಸುತ್ತಿಕೊಂಡು ಹೋಗೋ ಸಂದು ಬೀಳುತ್ತೆ. ಡಿಎನ್ಎಯಲ್ಲಿ ಇಂಥವು ಎರಡು: ಒಂದು ಅಗಲ, ಒಂದು ಕಿರಿದು.

ಅಗಲದ ಸಂದಿನಲ್ಲಿ ಪ್ರೋಟೀನ್ ಅಕ್ಷರಗಳ ಅಂಚನ್ನು ಮುಟ್ಟಿ ಗುರುತಿಸಬಲ್ಲದು. ಕಿರಿದರಲ್ಲಿ ಎ-ಟಿ ಜೋಡಿಯೂ ಟಿ-ಎ ಜೋಡಿಯೂ ಹೆಚ್ಚುಕಡಿಮೆ ಒಂದೇ ಥರ ಇರುತ್ತವೆ, ಹಾಗಾಗಿ ಅಲ್ಲಿ ಆಕಾರವೇ ಸುಳಿವು. ಸಾಲಾಗಿ ಎ ಬಂದ ಕಡೆ ಆ ಸಂದು ಇನ್ನೂ ಕಿರಿದಾಗಿ ಅಲ್ಲಿನ ಋಣ ವಿದ್ಯುತ್ ಪ್ರಭಾವ ಹೆಚ್ಚುತ್ತೆ. ಧನ ಚಾರ್ಜ್ ಇರೋ ಆರ್ಜಿನೀನ್ ಹೋಗಿ ಅಲ್ಲೇ ಕೂರುತ್ತೆ.

ಇನ್ನು ಬಗ್ಗೋ ಗುಣ. ಎಷ್ಟೋ ಜೀನ್‌ಗಳ ಮುಂಚೆ ಟಾಟಾ ಬಾಕ್ಸ್ ಅಂತ ಒಂದು ಜಾಗ ಇರುತ್ತೆ (ಲಾರಿ ಕಂಪನಿಗೂ ಇದಕ್ಕೂ ಸಂಬಂಧ ಇಲ್ಲ, ಟಿ-ಎ-ಟಿ-ಎ ಅಕ್ಷರಗಳಷ್ಟೇ). ಟಿಬಿಪಿ ಅನ್ನೋ ಪ್ರೋಟೀನ್ ಅದರ ಕಿರಿದಾದ ಸಂದನ್ನು ಅಗಲಿಸಿ, ಡಿಎನ್ಎಯನ್ನು ಸುಮಾರು 80 ಡಿಗ್ರಿ ಬಗ್ಗಿಸುತ್ತೆ. ಜೀನಿನ ನಕಲು ತೆಗೆಯೋ ಯಂತ್ರ ಜೋಡಣೆಯಾಗೋದು ಅದರ ಸುತ್ತ. ಟಿ ಆದಮೇಲೆ ಎ ಬರೋ ಕಡೆ ಡಿಎನ್ಎ ಸುಲಭವಾಗಿ ಬಗ್ಗುತ್ತೆ, ಅದಕ್ಕೇ ಈ ಜಾಗ.

ನಮ್ಮ ಜಿಲ್ಲೆಯ ಸೋಲಿಗರಲ್ಲಿ ಕಾಣೋ ಸಿಕಲ್ ಸೆಲ್ ಕಾಯಿಲೆಯಲ್ಲಿ ಬೀಟಾ ಗ್ಲೋಬಿನ್ ಜೀನಿನ ರೆಸಿಪಿಯೊಳಗೇ ಒಂದು ಅಕ್ಷರ ಬದಲಾಗಿರುತ್ತೆ. ಅದೇ ಜೀನಿಗೆ ಇನ್ನೊಂದು ಥರಾನೂ ಏಟು ಬೀಳಬಹುದು. ನಕಲು ಶುರುವಾಗೋ ಜಾಗಕ್ಕಿಂತ 28 ಅಕ್ಷರ ಹಿಂದೆ, ಟಾಟಾ ಬಾಕ್ಸಿನಲ್ಲಿ, ಎ ಹೋಗಿ ಜಿ ಬಂದರೆ ಸಾಕು. ಜಿಯ ಒಂದು ಅಮೈನೋ ಗುಂಪು ಕಿರಿದಾದ ಸಂದಿನೊಳಗೆ ಚಾಚಿಕೊಳ್ಳುತ್ತೆ, ಟಿಬಿಪಿಯ ಹಿಡಿತ ಸಡಿಲವಾಗುತ್ತೆ. ರೆಸಿಪಿಯಲ್ಲಿ ಒಂದಕ್ಷರವೂ ಕೆಟ್ಟಿಲ್ಲ, ಆದರೂ ಬೀಟಾ ಗ್ಲೋಬಿನ್ ಸಾಕಷ್ಟು ತಯಾರಾಗಲ್ಲ. ಬೀಟಾ ಥಲಸೀಮಿಯಾ ಬರೋ ದಾರಿಗಳಲ್ಲಿ ಇದೂ ಒಂದು. ರೆಸಿಪಿಯನ್ನಷ್ಟೇ ಪರೀಕ್ಷಿಸಿದರೆ ಇದು ಕಣ್ಣಿಗೇ ಬೀಳಲ್ಲ.

ಹಾಗಾದ್ರೆ ಜೀನಿನ ಮುಂಚಿನ ಈ ಜಾಗಗಳನ್ನ ಹುಡುಕೋದು ಹೇಗೆ? ಅಕ್ಷರ ಹೊಂದಿಸಿ ಹುಡುಕಿದರೆ ಸುಳ್ಳು ಹಿಟ್‌ಗಳೇ ಜಾಸ್ತಿ. ಬೆಂಗಳೂರಿನ ಐಐಎಸ್‌ಸಿಯಲ್ಲಿ ಮಂಜು ಬನ್ಸಲ್ ಮತ್ತು ಅದಿತಿ ಕಾನ್ಹೆರೆ 2005ರಲ್ಲಿ ಬ್ಯಾಕ್ಟೀರಿಯಾಗಳ ಮೇಲೆ ಬೇರೆ ದಾರಿ ಹಿಡಿದರು. ಜೀನಿನ ಮುಂಚಿನ ಭಾಗದಲ್ಲಿ ಡಿಎನ್ಎಯ ಎರಡು ಎಳೆಗಳ ಬಂಧ ಅಕ್ಕಪಕ್ಕಕ್ಕಿಂತ ದುರ್ಬಲ, ಅಂದ್ರೆ ಬೇಗ ಬಿಚ್ಚಿಕೊಳ್ಳುತ್ತೆ. ಆ ದುರ್ಬಲತೆಯನ್ನೇ ಅವರು ಗುರುತಾಗಿ ಬಳಸಿದರು. ಅದಕ್ಕೆ ಬೇಕಾಗೋದು ಎರಡೆರಡು ಅಕ್ಷರಗಳ ಶಕ್ತಿಯ ಒಂದು ಟೇಬಲ್, ಜೊತೆಗೆ ಒಂದು ಸ್ಲೈಡಿಂಗ್ ವಿಂಡೋ. ಇದರ ಮೂಲ ಕೋಡ್ ಸೆಕೆಂಡ್ ಇಯರ್ ನಮ್ಮ ಕೈಲೂ ಬರೆಯೋಕಾಗುತ್ತೆ.