ಜಠರದ ಹಠಮಾರಿ ಸೂಕ್ಷ್ಮಾಣು: ಅರ್ಧಕ್ಕೆ ಬಿಡಬಾರದ ಚಿಕಿತ್ಸೆ

ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗ ಭಾಗದ ಭಕ್ತರಲ್ಲಿ ಎದೆಯುರಿ, ಹುಳಿತೇಗು, ಹಸಿದಾಗ ಹೆಚ್ಚುವ ಹೊಟ್ಟೆನೋವು ಎಂದು ಹೇಳಿಕೊಳ್ಳುವವರು ಬಹಳ. ರೊಟ್ಟಿಯೊಡನೆ ತಿನ್ನುವ ಖಾರವೇ ಇದಕ್ಕೆಲ್ಲ ಮೂಲವೆಂಬುದು ಸಾಮಾನ್ಯ ನಂಬಿಕೆ. ಖಾರವು ಉರಿಯನ್ನು ಹೆಚ್ಚಿಸಬಹುದು. ಆದರೆ ಜಠರದ ಹುಣ್ಣಿಗೆ ಅನೇಕ ವೇಳೆ ಕಾರಣವಾಗುವುದು ಹೆಲಿಕೋಬ್ಯಾಕ್ಟರ್ ಪೈಲೋರಿ ಎಂಬ ಸೂಕ್ಷ್ಮಾಣು.

ಜಠರದ ಆಮ್ಲದಲ್ಲಿ ಯಾವ ಸೂಕ್ಷ್ಮಾಣುವೂ ನೆಲೆಸಲಾರದೆಂದು ವೈದ್ಯಲೋಕ ಬಹುಕಾಲ ತಿಳಿದಿತ್ತು. ಆಸ್ಟ್ರೇಲಿಯದ ಬ್ಯಾರಿ ಮಾರ್ಷಲ್ ಮತ್ತು ರಾಬಿನ್ ವಾರೆನ್ 1982ರಲ್ಲಿ ಇದನ್ನು ಬೆಳೆಸಿ ತೋರಿಸಿದರು. ಮಾರ್ಷಲ್ ಅವರು 1984ರಲ್ಲಿ ಆ ಸೂಕ್ಷ್ಮಾಣುವನ್ನು ತಾವೇ ಕುಡಿದು ಜಠರದ ಉರಿಯೂತವನ್ನು ಅನುಭವಿಸಿದರು. 2005ರಲ್ಲಿ ಇಬ್ಬರಿಗೂ ನೊಬೆಲ್ ಪ್ರಶಸ್ತಿ ದೊರೆಯಿತು.

ಈ ಜೀವಿಯು ಯೂರಿಯೇಸ್ ಎಂಬ ಕಿಣ್ವದಿಂದ ಅಮೋನಿಯ ಉತ್ಪಾದಿಸಿ, ತನ್ನ ಸುತ್ತಲಿನ ಆಮ್ಲವನ್ನು ತಣಿಸಿಕೊಂಡು, ಜಠರದ ಲೋಳೆಪದರದೊಳಗೆ ಅಡಗುತ್ತದೆ. ಅಲ್ಲಿಗೆ ಔಷಧಿ ತಲುಪುವುದು ಕಷ್ಟ. ಆದುದರಿಂದಲೇ ಆಮ್ಲ ತಗ್ಗಿಸುವ ಮಾತ್ರೆಯೊಡನೆ ಎರಡು ಬಗೆಯ ಆ್ಯಂಟಿಬಯೋಟಿಕ್‌ಗಳನ್ನು, ಕೆಲವೊಮ್ಮೆ ಬಿಸ್ಮತ್ತನ್ನೂ ಸೇರಿಸಿ, ಸಾಮಾನ್ಯವಾಗಿ 14 ದಿನ ಕೊಡುತ್ತಾರೆ.

ಹೀಗಿದ್ದೂ ಚಿಕಿತ್ಸೆ ವಿಫಲವಾಗುವುದುಂಟು. ಐದಾರು ದಿನಗಳಲ್ಲಿ ಉರಿ ಶಮನವಾದೊಡನೆ ಮಾತ್ರೆ ಬಿಟ್ಟರೆ ಬಲಿಷ್ಠ ಸೂಕ್ಷ್ಮಾಣುಗಳು ಉಳಿದು ವೃದ್ಧಿಸುತ್ತವೆ. ಕೆಮ್ಮಿಗೆ ಅಜಿತ್ರೋಮೈಸಿನ್, ಭೇದಿಗೆ ಮೆಟ್ರೊನಿಡಜೋಲ್ ಎಂದು ಅಂಗಡಿಯಿಂದ ತಾವೇ ತಂದು ನುಂಗುವುದರಿಂದಲೂ ಹಾನಿಯಿದೆ. ಮೊದಲನೆಯದು ಈ ರೋಗಕ್ಕೆ ಕೊಡುವ ಕ್ಲಾರಿತ್ರೋಮೈಸಿನ್ನಿನ ಕುಲಕ್ಕೇ ಸೇರಿದ್ದು. ಎರಡನೆಯದನ್ನು ಈ ರೋಗಕ್ಕೂ ಬಳಸುತ್ತಾರೆ. ಹಿಂದೆ ಪರಿಚಯವಾದ ಔಷಧಿಗೆ ಸೂಕ್ಷ್ಮಾಣು ಮಣಿಯದೆ ಹೋಗಬಹುದು. ಎರಡನೆಯ ಬಾರಿ ಚಿಕಿತ್ಸೆ ಬೇಕಾದರೆ ಹಳೆಯ ಚೀಟಿಗಳನ್ನು ವೈದ್ಯರಿಗೆ ತಪ್ಪದೆ ತೋರಿಸಬೇಕು. ಆಗ ಅವರು ಬೇರೆ ಔಷಧಿಗಳನ್ನು ಆರಿಸಲು ಅನುಕೂಲ.

ಉರಿ ನಿಂತಿತೆಂದರೆ ಸೋಂಕು ಹೋಯಿತೆಂದಲ್ಲ. ಔಷಧಿ ಮುಗಿದು ಕನಿಷ್ಠ 4 ವಾರಗಳ ತರುವಾಯ ಉಸಿರಿನ ಅಥವಾ ಮಲದ ಪರೀಕ್ಷೆಯಿಂದ ಖಚಿತಪಡಿಸಿಕೊಳ್ಳಬೇಕು. ಪರೀಕ್ಷೆಗೆ ಮುನ್ನ 2 ವಾರ ಆಮ್ಲ ತಗ್ಗಿಸುವ ಮಾತ್ರೆಯನ್ನು ವೈದ್ಯರ ಸಲಹೆಯಂತೆ ನಿಲ್ಲಿಸಿರಬೇಕು.

ಆಯುರ್ವೇದದ ಪಾತ್ರವೇನೆಂದು ಭಕ್ತರು ಕೇಳುವುದು ಸಹಜ. ಅಮ್ಲಪಿತ್ತ, ಪರಿಣಾಮಶೂಲ, ಅನ್ನದ್ರವಶೂಲಗಳನ್ನು ಮಾಧವನಿದಾನವು ಬೇರೆಬೇರೆಯಾಗಿ ವಿವರಿಸಿದೆ. ಶತಾವರಿ, ನೆಲ್ಲಿ, ಜ್ಯೇಷ್ಠಮಧುಗಳನ್ನು ಪಿತ್ತಶಮನಕ್ಕಾಗಿ ನಾವು ಬಳಸುತ್ತೇವೆ. ಆದರೆ ಇವು ಮಾತ್ರವೇ ಈ ಸೂಕ್ಷ್ಮಾಣುವನ್ನು ನಿರ್ಮೂಲ ಮಾಡುತ್ತವೆಂದು ಸಿದ್ಧವಾಗಿಲ್ಲ. ಆದುದರಿಂದ ಇವು ಜೊತೆಗಿರಲಿ, ಆ್ಯಂಟಿಬಯೋಟಿಕ್‌ಗೆ ಬದಲಾಗದಿರಲಿ. ಎರಡೂ ಕಡೆಯ ವೈದ್ಯರಿಗೆ ವಿಷಯ ತಿಳಿದಿರಲಿ. ರಕ್ತದೊತ್ತಡವುಳ್ಳವರು, ಗರ್ಭಿಣಿಯರು ಜ್ಯೇಷ್ಠಮಧುವನ್ನು ತಾವಾಗಿಯೇ ಸೇವಿಸಬಾರದು.

ಪಥ್ಯವು ಸರಳ. ಹೊತ್ತಿಗೆ ಸರಿಯಾಗಿ ಮಿತವಾದ ಊಟ, ಮೆತ್ತನೆಯ ಜೋಳದ ರೊಟ್ಟಿ, ಹೆಸರುಬೇಳೆ, ಹುಳಿಯಿಲ್ಲದ ಮಜ್ಜಿಗೆ ಹಿತಕರ. ತಂಬಾಕು, ಮದ್ಯಗಳನ್ನು ತ್ಯಜಿಸಬೇಕು. ಮೊಣಕಾಲು ನೋವಿಗೆಂದು ದಿನವೂ ನುಂಗುವ ನೋವಿನ ಮಾತ್ರೆಗಳು ತಾವೇ ಹುಣ್ಣು ಮಾಡಬಲ್ಲವು.

ಈ ಸೋಂಕು ಬಹುಮಟ್ಟಿಗೆ ಬಾಲ್ಯದಲ್ಲಿಯೇ ಮನೆಯವರಿಂದ ಹರಡುತ್ತದೆ. ತಾವು ಅಗಿದ ತುತ್ತನ್ನು ಕೂಸಿಗೆ ಉಣಿಸಬಾರದು. ಶುದ್ಧವಾದ ನೀರು, ಊಟಕ್ಕೆ ಮೊದಲು ಸಾಬೂನಿನಿಂದ ಕೈತೊಳೆಯುವುದು ಮನೆಯಲ್ಲಿಯೂ, ಜಾತ್ರೆ, ದಾಸೋಹಗಳಲ್ಲಿಯೂ ಅವಶ್ಯ.

ಡಾಂಬರಿನಂತೆ ಕಪ್ಪಾದ ಮಲ, ರಕ್ತವಾಂತಿ ಕಂಡರೆ ಕೂಡಲೇ ಆಸ್ಪತ್ರೆ ಸೇರಬೇಕು. ಕಾರಣವಿಲ್ಲದೆ ತೂಕ ಇಳಿದರೆ, ನುಂಗಲು ತೊಂದರೆಯಾದರೆ ಎಂಡೋಸ್ಕೋಪಿಯನ್ನು ಮುಂದೂಡಬಾರದು. ದೀರ್ಘಕಾಲ ಉಳಿದ ಈ ಸೋಂಕು ಕೆಲವರಲ್ಲಿ ಜಠರದ ಕ್ಯಾನ್ಸರಿಗೂ ದಾರಿಯಾಗುತ್ತದೆ. ಹದಿನಾಲ್ಕು ದಿನಗಳ ನಿಯಮವನ್ನು ವ್ರತದಂತೆ ಪಾಲಿಸಿದರೆ ಆ ಅಪಾಯ ಬಹಳ ಮಟ್ಟಿಗೆ ತಗ್ಗುವುದು.